ಮಗು ಆಗ್ತಿಲ್ಲ, ಏನು ಮಾಡೋದು? ದಂಪತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ನೆಂಟರಿಷ್ಟರು "ಏನಾದ್ರೂ ವಿಶೇಷ ಇದೆಯಾ?" ಅಂತ ಕೇಳಲು ಶುರು ಮಾಡುತ್ತಾರೆ. ಉತ್ತರ ಇಲ್ಲದವರು ಆಮೇಲೆ ನಮ್ಮಂಥವರ ಹತ್ತಿರ ಮೆಲ್ಲಗೆ ಕೇಳುತ್ತಾರೆ. ಫೋನಿನಲ್ಲಿ, ಕಾಗದದಲ್ಲಿ, ಮದುವೆ ಮನೆಯ ಮೂಲೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮ್ಮ ರಿಪೋರ್ಟ್ ನೋಡಿ ನಿರ್ಧಾರ ಹೇಳಬೇಕಾದವರು ನಿಮ್ಮ ಡಾಕ್ಟರೇ. ನಾನು ಒತ್ತಿ ಹೇಳುವುದು ಎರಡೇ ಮಾತು. ಪರೀಕ್ಷೆ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ಆಗಲಿ. ವಯಸ್ಸನ್ನು ಸುಮ್ನೆ ಕಳೆಯಬೇಡಿ.

## ಶುರುವಿನ ಪ್ರಶ್ನೆಗಳು

ಎಂಟು ತಿಂಗಳಾಯ್ತು, ಇನ್ನೂ ಗರ್ಭ ನಿಂತಿಲ್ಲ. ಈಗಲೇ ಡಾಕ್ಟರ್ ಹತ್ರ ಹೋಗಬೇಕಾ?

ಹೆಂಡತಿಯ ವಯಸ್ಸು 35ರ ಒಳಗಿದ್ದು ಮುಟ್ಟು ಸರಿಯಾಗಿ ಆಗುತ್ತಿದ್ದರೆ ಒಂದು ವರ್ಷ ಕಾಯಬಹುದು. ನೂರು ಜೋಡಿಗಳಲ್ಲಿ 80ರಿಂದ 85 ಜೋಡಿಗೆ ಮೊದಲ ವರ್ಷದಲ್ಲೇ ಗರ್ಭ ನಿಲ್ಲುತ್ತದೆ. 35 ದಾಟಿದ್ದರೆ ಆರು ತಿಂಗಳು ಸಾಕು. 40 ಆಗಿದ್ದರೆ ಕಾಯುವುದೇ ಬೇಡ.

ಕೆಲವರು ವಯಸ್ಸು ಎಷ್ಟೇ ಇರಲಿ, ಬೇಗ ಹೋಗಬೇಕು. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವವರು, ಮುಟ್ಟಿನ ದಿನ ಏಳಲಾರದಷ್ಟು ಹೊಟ್ಟೆನೋವು ಇರುವವರು, ಹಿಂದೆ ಟಿಬಿ ಆದವರು, ಟ್ಯೂಬಿನಲ್ಲಿ (ಅಂಡಾಣು ಗರ್ಭಕೋಶಕ್ಕೆ ಬರುವ ನಳಿಕೆಯಲ್ಲಿ) ಗರ್ಭ ನಿಂತು ಆಪರೇಷನ್ ಆದವರು. ಗಂಡಸರಲ್ಲಿ, ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಇದ್ದವರು, ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿದ್ದವರು, ಕ್ಯಾನ್ಸರ್ ಚಿಕಿತ್ಸೆ ತೆಗೆದುಕೊಂಡವರು.

ಇನ್ನೊಂದು ಮಾತು. ಲೆಕ್ಕ ಶುರುವಾಗುವುದು ತಾಳಿ ಕಟ್ಟಿದ ದಿನದಿಂದ ಅಲ್ಲ, ತಡೆ ಏನೂ ಬಳಸದೆ ಒಟ್ಟಿಗೆ ಇರಲು ಶುರು ಮಾಡಿದ ದಿನದಿಂದ. ಗಂಡ ಬೆಂಗಳೂರಿನಲ್ಲಿ, ಹೆಂಡತಿ ದಾವಣಗೆರೆಯಲ್ಲಿ, ತಿಂಗಳಿಗೆ ಎರಡು ಭಾನುವಾರ ಭೇಟಿ ಅಂದರೆ ಅದು ಒಂದು ವರ್ಷದ ಪ್ರಯತ್ನ ಆಗುವುದಿಲ್ಲ. ಇಂಥವರಿಗೆ ಎಷ್ಟೋ ಸಲ ಬೇಕಾಗಿರುವುದು ಔಷಧಿ ಅಲ್ಲ, ಒಂದೇ ಊರಿಗೆ ವರ್ಗಾವಣೆ.

ಯಾವ ದಿನ ಸೇರಿದರೆ ಗರ್ಭ ನಿಲ್ಲುತ್ತೆ?

ಅಂಡಾಣು ಹೊರಬಂದ ಮೇಲೆ ಹೆಚ್ಚೆಂದರೆ ಒಂದು ದಿನ ಬದುಕುತ್ತದೆ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಇರಬಲ್ಲದು. ಹಾಗಾಗಿ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ ಮುಖ್ಯ.

"14ನೇ ದಿನ" ಅನ್ನುವ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಅಂಡಾಣು ಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನಕ್ಕೆ ಮುಟ್ಟಾಗುವವರಿಗೆ 14ನೇ ದಿನ, 35 ದಿನಕ್ಕೆ ಆಗುವವರಿಗೆ 21ನೇ ದಿನ. ಕ್ಯಾಲೆಂಡರ್ ಹಿಡಿದು ಒದ್ದಾಡುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು. ಆಮೇಲೆ ಕಾಲು ಮೇಲೆತ್ತಿ ಮಲಗುವ ಅಗತ್ಯ ಇಲ್ಲ.

ನನ್ನ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತೆ. ಅಂದ್ರೆ ತೊಂದರೆ ಇಲ್ಲ ಅಂತ ತಾನೆ?

ಅಂಡಾಣು ಬರುತ್ತಿದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತು, ಅಷ್ಟೇ. ಟ್ಯೂಬ್ ತೆರೆದಿದೆಯೋ ಮುಚ್ಚಿದೆಯೋ, ಗರ್ಭಕೋಶದ ಒಳಗೆ ಗಡ್ಡೆ ಇದೆಯೋ, ಗಂಡನ ವೀರ್ಯಾಣು ಹೇಗಿದೆಯೋ, ಇವು ಯಾವುದನ್ನೂ ಮುಟ್ಟು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಟ್ಯೂಬ್ ಮುಚ್ಚಿಹೋಗಲು ಟಿಬಿ ಒಂದು ದೊಡ್ಡ ಕಾರಣ. ಕೆಮ್ಮು, ಜ್ವರ ಏನೂ ಇಲ್ಲದೆ ಗರ್ಭಕೋಶ ಮತ್ತು ಟ್ಯೂಬಿಗೆ ಮಾತ್ರ ಟಿಬಿ ತಗುಲಿರಬಹುದು. ಇದರ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ.

ನಮ್ಮ ಯಜಮಾನರು ಗಟ್ಟಿಮುಟ್ಟಾಗಿದ್ದಾರೆ. ಅವರಿಗೂ ಟೆಸ್ಟ್ ಬೇಕಾ?

ಬೇಕೇ ಬೇಕು, ಮೊದಲ ವಾರದಲ್ಲೇ ಬೇಕು. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಸೇರಿರುತ್ತದೆ. ಹೊಲದಲ್ಲಿ ದಿನವಿಡೀ ದುಡಿಯುವ, ಜಿಮ್‌ನಲ್ಲಿ ಭಾರ ಎತ್ತುವ ಗಂಡಸಿನ ವೀರ್ಯದಲ್ಲೂ ಒಂದೂ ವೀರ್ಯಾಣು ಇಲ್ಲದಿರಬಹುದು. ಸಂಸಾರ ಸುಖಕ್ಕೆ ಏನೂ ಕೊರತೆ ಇಲ್ಲದಿದ್ದರೂ ಹೀಗಾಗಬಹುದು. ಎರಡೂ ಬೇರೆ ಬೇರೆ ವಿಷಯ.

ನನ್ನನ್ನು ತುಂಬಾ ನೋಯಿಸುವುದು ಇದೇ. ಹೆಂಡತಿಗೆ ಸ್ಕ್ಯಾನಿಂಗ್, ಟ್ಯೂಬ್ ಟೆಸ್ಟ್, ಲ್ಯಾಪ್ರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನಿನಿಂದ ಒಳಗೆ ನೋಡುವುದು) ಎಲ್ಲ ಆಗಿರುತ್ತದೆ. ಮೂರು ನಾಲ್ಕು ವರ್ಷ ಕಳೆದಿರುತ್ತದೆ. ಗಂಡನ ಫೈಲಿನಲ್ಲಿ ಒಂದು ಹಾಳೆಯೂ ಇರುವುದಿಲ್ಲ. ವೀರ್ಯ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಇದ್ದು ಲ್ಯಾಬ್‌ಗೆ ಹೋಗಬೇಕು. ಅಲ್ಲೊಂದು ಸಣ್ಣ ಕೋಣೆ, ಹೆಸರು ಬರೆದ ಅಗಲ ಬಾಯಿಯ ಡಬ್ಬಿ. ಮೊದಲ ಹನಿ ಹೊರಗೆ ಚೆಲ್ಲಿದರೆ ಹೇಳಬೇಕು, ಯಾಕೆಂದರೆ ವೀರ್ಯಾಣು ಜಾಸ್ತಿ ಇರುವುದು ಅದರಲ್ಲೇ. ಅಲ್ಲಿ ಆಗುವುದಿಲ್ಲ ಅನ್ನುವವರು ಮನೆಯಿಂದ ತರಲು ಲ್ಯಾಬ್‌ನವರನ್ನು ಕೇಳಬಹುದು. ಆಗ ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ ಮೈ ಬಿಸಿಯಲ್ಲಿ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಐಸ್ ಹಾಕಬಾರದು. ಮಾಮೂಲಿ ಕಾಂಡೋಮಿನಲ್ಲಿ ತರಬಾರದು.

ಸೋದರಮಾವನನ್ನೇ ಮದುವೆಯಾಗಿದ್ದೇನೆ. ಅದಕ್ಕೇ ಆಗ್ತಿಲ್ವಾ?

ಸಂಬಂಧದಲ್ಲಿ ಮದುವೆಯಾದ ಮಾತ್ರಕ್ಕೆ ಮಗು ಆಗದೆ ಇರುವುದಿಲ್ಲ. ಅಲ್ಲಿ ನೋಡಬೇಕಾದ ಅಪಾಯ ಬೇರೆ. ಒಂದೇ ವಂಶವಾಹಿ ದೋಷ ಇಬ್ಬರಲ್ಲೂ ಇದ್ದು ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಮನೆತನದಲ್ಲಿ ಮಕ್ಕಳು ಎಳೆಯದರಲ್ಲೇ ತೀರಿಕೊಂಡಿದ್ದರೆ, ನಿಮಗೆ ಗರ್ಭಪಾತ ಆಗಿದ್ದರೆ, ಚಿಕಿತ್ಸೆಗೆ ಮೊದಲು ವಂಶವಾಹಿ ತಜ್ಞರ ಸಲಹೆ (ಜೆನೆಟಿಕ್ ಕೌನ್ಸೆಲಿಂಗ್) ಪಡೆಯಿರಿ.

## ರಿಪೋರ್ಟ್ ಕೈಗೆ ಬಂದಮೇಲೆ

ವೀರ್ಯದ ರಿಪೋರ್ಟಿನಲ್ಲಿ 95 ಪರ್ಸೆಂಟ್ ಅಬ್‌ನಾರ್ಮಲ್ ಅಂತ ಬರೆದಿದೆ. ಇನ್ನೇನು ಗತಿ?

ಈ ಸಾಲು ನೋಡಿ ಹೆದರದ ಗಂಡಸೇ ಇಲ್ಲ. ಆಕಾರ ಸರಿಯಿರುವ ವೀರ್ಯಾಣು ನೂರಕ್ಕೆ 4 ಇದ್ದರೂ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುತ್ತದೆ. 95 ಕೆಟ್ಟಿದೆ ಅಂದರೆ 5 ಸರಿಯಿದೆ ಎಂದರ್ಥ, ಅಲ್ವಾ? ಆಕಾರದ ಮಟ್ಟಿಗೆ ನಿಮ್ಮ ರಿಪೋರ್ಟ್ ಸರಿಯಾಗಿಯೇ ಇದೆ. ಅದೇ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು, ನೂರಕ್ಕೆ 42 ಚಲಿಸುತ್ತಿರಬೇಕು ಅನ್ನುವುದು ಕೆಳಗಿನ ಗೆರೆ. ಆ ಗೆರೆಗಿಂತ ಸ್ವಲ್ಪ ಕೆಳಗಿದ್ದವರಿಗೂ ತಾನಾಗಿಯೇ ಮಕ್ಕಳಾಗಿವೆ.

ಒಂದೇ ರಿಪೋರ್ಟ್ ಹಿಡಿದು ತೀರ್ಮಾನ ಮಾಡಬೇಡಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಎರಡು ತಿಂಗಳ ಹಿಂದೆ ಡೆಂಗೆ ಜ್ವರ ಬಂದಿದ್ದರೆ ಅದರ ಪೆಟ್ಟು ಇವತ್ತಿನ ಕೌಂಟಿನಲ್ಲಿ, ಅಂದರೆ ವೀರ್ಯಾಣು ಸಂಖ್ಯೆಯಲ್ಲಿ, ಕಾಣಬಹುದು. ಬೀಡಿ, ಸಿಗರೇಟು, ಗುಟ್ಕಾ, ಜಾಸ್ತಿ ಕುಡಿತ ಬಿಟ್ಟು ಮೂರು ತಿಂಗಳಾದ ಮೇಲೆ ಮತ್ತೆ ನೋಡಬೇಕು. ಜಿಮ್‌ಗೆ ಹೋಗುವ ಹುಡುಗರು ಇದನ್ನು ಗಮನವಿಟ್ಟು ಓದಲಿ: ಮೈ ಬೆಳೆಸಲು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್, ಸ್ಟೀರಾಯ್ಡ್ ಇಂಜೆಕ್ಷನ್‌ಗಳು ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸುತ್ತವೆ. "ಗಂಡಸುತನಕ್ಕೆ" ಎಂದು ಯಾರೋ ಹೇಳಿದರು ಅಂತ ಇದನ್ನು ತೆಗೆದುಕೊಂಡು ಕೌಂಟ್ ಸೊನ್ನೆಗೆ ಇಳಿದವರಿದ್ದಾರೆ. ನಿಲ್ಲಿಸಿದರೆ ಬಹಳಷ್ಟು ಜನರಿಗೆ ನಿಧಾನವಾಗಿ ಮರಳುತ್ತದೆ.

ಸೊನ್ನೆ ಬಂದರೂ ಅದು ಕೊನೆಯಲ್ಲ. ದಾರಿ ಮುಚ್ಚಿರುವುದರಿಂದ ಸೊನ್ನೆಯೋ, ತಯಾರಿಯೇ ಇಲ್ಲದೆ ಸೊನ್ನೆಯೋ ಎಂದು ಹಾರ್ಮೋನ್ ಪರೀಕ್ಷೆಯಿಂದ ತಿಳಿಯಲು ನೋಡುತ್ತಾರೆ. ದಾರಿ ಮುಚ್ಚಿದ್ದರೆ ಸೂಜಿಯಿಂದ ನೇರ ವೃಷಣದಿಂದಲೇ ವೀರ್ಯಾಣು ತೆಗೆದು, ಅದನ್ನು ಲ್ಯಾಬಿನಲ್ಲಿ ಅಂಡಾಣುವಿಗೆ ಚುಚ್ಚುವ ಇಕ್ಸಿ ಚಿಕಿತ್ಸೆ ಮಾಡಬಹುದು. ಇದಕ್ಕೆ ಆಂಡ್ರಾಲಜಿ, ಅಂದರೆ ಗಂಡಸರ ಸಂತಾನ ಸಮಸ್ಯೆಗಳ ಚಿಕಿತ್ಸೆ, ತಿಳಿದ ಡಾಕ್ಟರ್ ಬೇಕು.

ಪಿಸಿಓಡಿ ಇದೆ ಅಂದ್ರು. ಇನ್ನು ಮಕ್ಕಳಾಗಲ್ವಾ?

ಆಗುತ್ತವೆ. ಪಿಸಿಓಡಿ ಅಂಡಾಶಯದ ಒಂದು ಹಾರ್ಮೋನ್ ತೊಂದರೆ. ಅದರಲ್ಲಿ ಅಂಡಾಣುಗಳ ಸಂಖ್ಯೆ ಕಡಿಮೆ ಇರುವುದಿಲ್ಲ, ಅವು ಸಮಯಕ್ಕೆ ಸರಿಯಾಗಿ ಹೊರಬರುವುದಿಲ್ಲ. ತೂಕ ಜಾಸ್ತಿ ಇದ್ದವರು ಇದ್ದ ತೂಕದಲ್ಲಿ ನೂರಕ್ಕೆ 5ರಿಂದ 10 ಇಳಿಸಿದರೂ ಎಷ್ಟೋ ಸಲ ಮುಟ್ಟು ಹಳಿಗೆ ಬರುತ್ತದೆ. ಅದರ ಮೇಲೆ ಲೆಟ್ರೊಜೋಲ್ ಮಾತ್ರೆ. ಮೊಬೈಲಿನಲ್ಲಿ ಹುಡುಕಿ "ಇದು ಕ್ಯಾನ್ಸರ್ ಮಾತ್ರೆ" ಎಂದು ಗಾಬರಿಯಾಗಿ ಬರುವವರು ತುಂಬಾ. ಸ್ತನ ಕ್ಯಾನ್ಸರ್‌ಗೂ ಕೊಡುತ್ತಾರೆ, ನಿಜ. ನಮ್ಮಲ್ಲಿ 2011ರಲ್ಲಿ ಈ ಬಳಕೆಗೆ ತಡೆಯೂ ಬಿದ್ದಿತ್ತು, ಆಮೇಲೆ ಅದನ್ನು ತೆಗೆದರು. ಪಿಸಿಓಡಿಯಲ್ಲಿ ಅಂಡಾಣು ಬರಿಸಲು ಇವತ್ತು ಜಗತ್ತಿನಾದ್ಯಂತ ಮೊದಲು ಕೊಡುವುದು ಇದನ್ನೇ. ತಿಂಗಳಿಗೆ ಐದು ದಿನ ಮಾತ್ರ, ಸಣ್ಣ ಪ್ರಮಾಣದಲ್ಲಿ.

ಟ್ಯೂಬ್ ಟೆಸ್ಟ್ ಅಂದ್ರೆ ಭಯ. ತುಂಬಾ ನೋವಾಗುತ್ತಾ?

ಮುಟ್ಟು ನಿಂತ ಮೇಲೆ, ಸಾಮಾನ್ಯವಾಗಿ ಮುಟ್ಟು ಶುರುವಾದ ದಿನದಿಂದ ಎಣಿಸಿ 6ರಿಂದ 10ನೇ ದಿನದೊಳಗೆ ಮಾಡುತ್ತಾರೆ. ಎಕ್ಸ್‌ರೇ ಮೇಜಿನ ಮೇಲೆ ಮಲಗಿಸಿ, ಸಣ್ಣ ನಳಿಕೆಯಿಂದ ಗರ್ಭಕೋಶಕ್ಕೆ ಔಷಧಿ ಬಿಡುತ್ತಾರೆ. ಅದು ಟ್ಯೂಬಿನಿಂದ ಆಚೆ ಚೆಲ್ಲಿದರೆ ದಾರಿ ತೆರೆದಿದೆ ಎಂದು ಪರದೆಯ ಮೇಲೆ ಕಾಣುತ್ತದೆ. ಔಷಧಿ ಹೋಗುವಾಗ ಮುಟ್ಟಿನ ನೋವಿನಂತೆ, ಕೆಲವರಿಗೆ ಅದಕ್ಕಿಂತ ಜೋರಾಗಿ ಹಿಂಡುತ್ತದೆ. ಕೆಲವೇ ನಿಮಿಷ. ಮುಂಚೆಯೇ ನೋವಿನ ಮಾತ್ರೆ ಕೇಳಿ ತೆಗೆದುಕೊಳ್ಳಿ. ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಬಸ್ಸಿನಲ್ಲಿ ಒಂಟಿಯಾಗಿ ವಾಪಸ್ಸಾಗಬೇಡಿ.

ನನಗೆ 31. ಎಎಂಎಚ್ 0.9 ಬಂದಿದೆ. ಕೈಬಿಟ್ಟ ಹಾಗೇನಾ?

ಅಲ್ಲ. ಎಎಂಎಚ್ ಎಂಬ ರಕ್ತ ಪರೀಕ್ಷೆ ಹೇಳುವುದು ಅಂಡಾಣುಗಳ ಸಂಗ್ರಹ ಎಷ್ಟಿದೆ ಎಂದು. ಅವುಗಳ ಗುಣ ಹೇಗಿದೆ ಎಂದು ಅದು ಹೇಳುವುದಿಲ್ಲ, ಗುಣ ನಿಂತಿರುವುದು ವಯಸ್ಸಿನ ಮೇಲೆ. 31ರ ಹೆಣ್ಣಿಗೆ 0.9 ಇದ್ದರೂ ತಾನಾಗಿಯೇ ಗರ್ಭ ನಿಲ್ಲಬಹುದು. 42ರ ಹೆಣ್ಣಿಗೆ 2.5 ಇದ್ದರೂ ಕಷ್ಟವಾಗಬಹುದು. ನಿಮ್ಮ ಸಂಖ್ಯೆ ಹೇಳುವುದು ಇಷ್ಟೇ: ಇನ್ನು ಎರಡು ವರ್ಷ ನೋಡೋಣ ಅಂತ ಮುಂದಕ್ಕೆ ಹಾಕಬೇಡಿ.

## ಚಿಕಿತ್ಸೆ

ಮೊದಲ ಸಲ ಹೋದಾಗಲೇ ಐವಿಎಫ್ ಮಾಡಿಸಿ ಅಂದ್ರು. ಅದಕ್ಕಿಂತ ಮೊದಲು ಏನೂ ಇಲ್ವಾ?

ಎರಡೂ ಟ್ಯೂಬ್ ಮುಚ್ಚಿದ್ದರೆ, ಕೌಂಟ್ ತೀರಾ ಕಡಿಮೆ ಇದ್ದರೆ, ವಯಸ್ಸು 40ರ ಹತ್ತಿರ ಇದ್ದರೆ ನೇರ ಐವಿಎಫ್ (ಅಂಡಾಣು ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸುವ ಚಿಕಿತ್ಸೆ) ಹೇಳುವುದರಲ್ಲಿ ತಪ್ಪಿಲ್ಲ. ಇವು ಯಾವುದೂ ಇಲ್ಲದಿದ್ದರೆ "ನಮಗೆ ಯಾಕೆ ಐವಿಎಫ್ ಬೇಕು?" ಎಂದು ಕೇಳುವ ಹಕ್ಕು ನಿಮಗಿದೆ. ಥೈರಾಯ್ಡ್ ಸರಿಪಡಿಸುವುದು, ಅಂಡಾಣು ಬರಿಸುವ ಮಾತ್ರೆ, ಆಮೇಲೆ ಐಯುಐ, ಹೀಗೆ ಮೆಟ್ಟಿಲುಗಳಿವೆ. ಐಯುಐ ಅಂದರೆ ಗಂಡನ ವೀರ್ಯವನ್ನು ತೊಳೆದು, ಚುರುಕಾದವನ್ನು ಬೇರ್ಪಡಿಸಿ, ಅಂಡಾಣು ಬರುವ ಹೊತ್ತಿಗೆ ಗರ್ಭಕೋಶದೊಳಗೆ ಬಿಡುವುದು. ಐದು ಹತ್ತು ನಿಮಿಷದ ಕೆಲಸ. ಒಂದು ಸಲಕ್ಕೆ ಫಲ ಸಿಗುವುದು ನೂರಕ್ಕೆ ಹತ್ತು ಹದಿನೈದು ಜನಕ್ಕೆ. ಮೂರು ನಾಲ್ಕು ಸಲ ಆಗದಿದ್ದರೆ ಮುಂದಿನ ಮೆಟ್ಟಿಲಿನ ಮಾತಾಡಬೇಕು. ಎಂಟು ಹತ್ತು ಐಯುಐ ಮಾಡಿಸಿಕೊಂಡು ವಯಸ್ಸು ಕಳೆಯುವುದು ನನಗೆ ಸರಿ ಕಾಣುವುದಿಲ್ಲ.

ಐವಿಎಫ್‌ನಲ್ಲಿ ನಿಜವಾಗಿ ಏನೇನು ಮಾಡ್ತಾರೆ?

ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಸ್ಕ್ಯಾನ್ ಮಾಡಿ ಹೊಟ್ಟೆಗೆ ಹಾರ್ಮೋನ್ ಇಂಜೆಕ್ಷನ್ ಶುರು ಮಾಡುತ್ತಾರೆ. ದಿನಾ ಒಂದೇ ಹೊತ್ತಿಗೆ, ಎಂಟರಿಂದ ಹನ್ನೆರಡು ದಿನ. ಸೂಜಿ ತೀರಾ ಸಣ್ಣದು, ಬಹಳ ಜನ ಮನೆಯಲ್ಲೇ ಚುಚ್ಚಿಕೊಳ್ಳುತ್ತಾರೆ. ಕೆಲವು ಔಷಧಿ ತಣ್ಣಗಿರಬೇಕು. ಶಿವಮೊಗ್ಗದಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬಂದು ಹೋಗುವವರು ಅದನ್ನು ಐಸ್ ಪ್ಯಾಕ್ ಇರುವ ಚೀಲದಲ್ಲಿ ಮಡಿಲಲ್ಲಿಟ್ಟುಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೂ ಔಷಧಿ ಕೆಡುತ್ತದೆ, ನಡುವೆ ಒಂದು ಟವೆಲ್ ಇರಲಿ. ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಇರುವುದರಿಂದ ಆ ದಿನಗಳಲ್ಲಿ ಆಸ್ಪತ್ರೆಯ ಹತ್ತಿರವೇ ಉಳಿಯಲು ಆದರೆ ಒಳ್ಳೆಯದು.

ಅಂಡಾಣು ಬಲಿತ ಮೇಲೆ ಕೊನೆಯ ಇಂಜೆಕ್ಷನ್. ಅದನ್ನು ರಾತ್ರಿ ಹತ್ತೂವರೆಗೆ ಅಂದರೆ ಹತ್ತೂವರೆಗೇ ತೆಗೆದುಕೊಳ್ಳಬೇಕು. ಯಾಕೆಂದರೆ ಲೆಕ್ಕ ಹಾಕಿ 34ರಿಂದ 36 ಗಂಟೆಗೆ ಅಂಡಾಣು ಹೊರತೆಗೆಯುತ್ತಾರೆ. ಅದಕ್ಕೆ ಸ್ವಲ್ಪ ಹೊತ್ತಿನ ಅರಿವಳಿಕೆ ಕೊಡುತ್ತಾರೆ, ಹೊಟ್ಟೆ ಕೊಯ್ಯುವುದಿಲ್ಲ. ಅದೇ ದಿನ ಲ್ಯಾಬಿನಲ್ಲಿ ಅಂಡಾಣು ವೀರ್ಯಾಣು ಸೇರಿಸುತ್ತಾರೆ. ಒಂದೊಂದು ಅಂಡಾಣುವಿಗೆ ಒಂದೊಂದು ವೀರ್ಯಾಣು ಚುಚ್ಚಿದರೆ ಅದು ಇಕ್ಸಿ. ಭ್ರೂಣ ಮೂರು ಅಥವಾ ಐದು ದಿನದ್ದಾದಾಗ ಗರ್ಭಕೋಶಕ್ಕೆ ಬಿಡುತ್ತಾರೆ, ಉಳಿದವನ್ನು ಫ್ರೀಜ್ ಮಾಡುತ್ತಾರೆ. ಸುಮಾರು ಎರಡು ವಾರಕ್ಕೆ ರಕ್ತ ಪರೀಕ್ಷೆ.

ಹತ್ತು ಅಂಡಾಣು ಬಂದರೆ ಹತ್ತು ಮಗುವಿನ ಅವಕಾಶ ಅಂದುಕೊಳ್ಳಬೇಡಿ. ಪ್ರತಿ ಹಂತದಲ್ಲೂ ಕೆಲವು ಉದುರುತ್ತವೆ. ಕೊನೆಗೆ ಎರಡು ಮೂರು ಒಳ್ಳೆಯ ಭ್ರೂಣ ಉಳಿದರೆ ಅದೇ ಒಳ್ಳೆಯ ಫಲಿತಾಂಶ. ಇದು ಮೊದಲೇ ಗೊತ್ತಿದ್ದರೆ ಲ್ಯಾಬಿನಿಂದ ಫೋನ್ ಬಂದಾಗ ಕುಸಿಯುವುದಿಲ್ಲ.

ಇಂಜೆಕ್ಷನ್ ದಿನಗಳಲ್ಲಿ, ಅಂಡಾಣು ತೆಗೆದ ಮೇಲಿನ ಒಂದೆರಡು ವಾರದಲ್ಲಿ, ಹೊಟ್ಟೆ ತುಂಬಾ ಉಬ್ಬಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಂಡಾಶಯ ಅತಿಯಾಗಿ ಉಬ್ಬುವ ಈ ತೊಂದರೆ ಪಿಸಿಓಡಿ ಇರುವವರಲ್ಲಿ ಜಾಸ್ತಿ.

"ನೂರಕ್ಕೆ 80 ಗ್ಯಾರಂಟಿ" ಅಂತ ಬೋರ್ಡ್ ಹಾಕಿದ್ದಾರೆ. ನಂಬಬಹುದಾ?

ಯಾವುದರಲ್ಲಿ 80 ಎಂದು ಕೇಳಿ. ರಕ್ತ ಪರೀಕ್ಷೆ ಪಾಸಿಟಿವ್ ಬಂದದ್ದೋ, ಎದೆಬಡಿತ ಕಂಡದ್ದೋ, ಮಗು ಮನೆಗೆ ಬಂದದ್ದೋ? ಯಾವ ವಯಸ್ಸಿನವರಲ್ಲಿ? ತಮ್ಮದೇ ಅಂಡಾಣುವಿನಿಂದಲೋ, ದಾನಿಯ ಅಂಡಾಣುವಿನಿಂದಲೋ? ಒಳ್ಳೆಯ ಕೇಂದ್ರದಲ್ಲೂ 35ರ ಒಳಗಿನವರಿಗೆ ಒಂದು ಪ್ರಯತ್ನದಲ್ಲಿ ಮಗು ಸಿಗುವುದು ನೂರಕ್ಕೆ 40ರ ಆಸುಪಾಸು. 40 ದಾಟಿದ ಮೇಲೆ ತಮ್ಮದೇ ಅಂಡಾಣುವಿನಿಂದ ಅದು ಹತ್ತರ ಹತ್ತಿರಕ್ಕೆ ಬಂದು, ಇನ್ನೂ ಇಳಿಯುತ್ತಾ ಹೋಗುತ್ತದೆ. ಗ್ಯಾರಂಟಿ ಅನ್ನುವ ಪದ ಬಳಸುವ ಕಡೆ ಹೋಗಬೇಡಿ.

ಭ್ರೂಣ ಹಾಕಿದ ಮೇಲೆ ಹದಿನೈದು ದಿನ ಮಲಗೇ ಇರಬೇಕಾ?

ಬೇಡ. ಮಲಗಿದ್ದರೆ ಲಾಭ ಇಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ಮೂತ್ರಕ್ಕೆ ಹೋದರೆ, ಕೆಮ್ಮಿದರೆ, ಮೆಟ್ಟಿಲು ಹತ್ತಿದರೆ ಭ್ರೂಣ ಜಾರಿ ಬೀಳುವುದಿಲ್ಲ. ಭಾರ ಎತ್ತುವ ಕೆಲಸ ಬಿಟ್ಟು ಮಾಮೂಲಿಯಾಗಿರಿ. ಫಲ ಸಿಗದಿದ್ದಾಗ "ಅವಳು ಎದ್ದು ಅಡುಗೆ ಮಾಡಿದಳು, ಅದಕ್ಕೇ ಹೀಗಾಯ್ತು" ಎಂದು ಯಾರೂ ಹೇಳದಿರಲಿ. ಅದು ಸುಳ್ಳು.

ಐವಿಎಫ್ ಮಗು ಬೇರೆ ಥರ ಇರುತ್ತಾ?

ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು, ಇಂಗ್ಲೆಂಡಿನಲ್ಲಿ. ಆಕೆಗೆ ಯಾವ ಚಿಕಿತ್ಸೆಯೂ ಇಲ್ಲದೆ ಮಕ್ಕಳಾದವು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ದುರ್ಗಾ ಹುಟ್ಟಿದಳು. ಅಂದಿನವರು ಅವರನ್ನು ನಂಬಲಿಲ್ಲ, 1981ರಲ್ಲಿ ಅವರು ಜೀವ ಕಳೆದುಕೊಂಡರು. ಅವರಿಗೆ ಸಲ್ಲಬೇಕಾದ ಗೌರವ ಸಂದದ್ದು ಆಮೇಲೆ. ಇವತ್ತು ಇಂಥ ಮಕ್ಕಳು ಒಂದು ಕೋಟಿಗೂ ಮಿಕ್ಕಿ ಇದ್ದಾರೆ. ಬಹುಪಾಲು ಎಲ್ಲರಂತೆ ಆರೋಗ್ಯವಾಗಿದ್ದಾರೆ. ಅವಳಿ ತ್ರಿವಳಿ ಆದಾಗ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚು. ಹಾಗಾಗಿ ಒಂದೇ ಭ್ರೂಣ ಹಾಕುತ್ತೇವೆ ಎಂದು ಡಾಕ್ಟರ್ ಹೇಳಿದರೆ ಬೇಸರ ಬೇಡ.

## ಹಣ, ಕಾನೂನು, ಮನೆ

ಒಟ್ಟು ಎಷ್ಟು ಖರ್ಚಾಗುತ್ತೆ? ಇನ್ಶೂರೆನ್ಸ್ ಸಿಗುತ್ತಾ?

ಖಾಸಗಿಯಲ್ಲಿ ಒಂದು ಐವಿಎಫ್ ಸುತ್ತಿಗೆ ಒಂದೂವರೆಯಿಂದ ಎರಡೂವರೆ ಲಕ್ಷ ಇಟ್ಟುಕೊಂಡಿರಬೇಕು, ಕೆಲವು ಕಡೆ ಅದಕ್ಕೂ ಜಾಸ್ತಿ. ಪ್ಯಾಕೇಜ್ ಹೇಳಿದಾಗ ಇಂಜೆಕ್ಷನ್, ಇಕ್ಸಿ, ಫ್ರೀಜಿಂಗ್, ಮುಂದೆ ಫ್ರೀಜ್ ಮಾಡಿದ ಭ್ರೂಣ ಹಾಕುವ ಖರ್ಚು ಸೇರಿದೆಯಾ ಎಂದು ಬರೆಸಿಕೊಳ್ಳಿ. ಇಂಜೆಕ್ಷನ್ ಖರ್ಚೇ ದೊಡ್ಡದು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಬಂಜೆತನದ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತಾರೆ. ಕೆಲವು ಕಂಪನಿಗಳು ನೌಕರರಿಗೆ ಕೊಡುವ ವಿಮೆಯಲ್ಲಿ ಇರುತ್ತದೆ, ಎಚ್‌ಆರ್‌ನವರನ್ನು ಕೇಳಿ. ಒಡವೆ, ಹೊಲ ಅಡವಿಡುವ ಮೊದಲು ಎಷ್ಟು ಸಲದವರೆಗೆ ಹೋಗುತ್ತೇವೆ ಎಂದು ಇಬ್ಬರೂ ಕೂತು ಮಾತಾಡಿಕೊಳ್ಳಿ.

ಬೇರೆಯವರ ಅಂಡಾಣು ತೆಗೆದುಕೊಂಡರೆ ಮಗು ನಮ್ಮದೇ ಆಗುತ್ತಾ?

ಸಂತಾನ ಚಿಕಿತ್ಸೆಗಳಿಗೆ ಇರುವ 2021ರ ಎಆರ್‌ಟಿ ಕಾನೂನಿನ ಪ್ರಕಾರ ಆ ಮಗು ನಿಮ್ಮದೇ ಜೈವಿಕ ಮಗು ಎಂದು ಲೆಕ್ಕ. ಆಸ್ತಿ ಹಕ್ಕು ಸಮೇತ ಎಲ್ಲವೂ. ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲ. ಅಂಡಾಣು ಕೊಡುವವರ ವಯಸ್ಸು 23ರಿಂದ 35 ಇರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು. ಚಿಕಿತ್ಸೆ ಪಡೆಯುವ ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55 ವಯಸ್ಸಿನ ಮಿತಿ ಇದೆ. ಕೇಂದ್ರ ಈ ಕಾನೂನಿನಡಿ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ನನಗೆ ಗರ್ಭಕೋಶ ತೆಗೆದಿದ್ದಾರೆ. ತಂಗಿ ಹೆತ್ತುಕೊಡ್ತೀನಿ ಅಂತಾಳೆ. ಆಗುತ್ತಾ?

ಆಗಬಹುದು. ಬಾಡಿಗೆ ತಾಯ್ತನದ ಕಾನೂನು ಹಣ ಕೊಟ್ಟು ಮಾಡಿಸುವುದನ್ನು ನಿಷೇಧಿಸಿದೆ. ಆಸ್ಪತ್ರೆ ಖರ್ಚು ಮತ್ತು ವಿಮೆ ಮಾತ್ರ ಕೊಡಬಹುದು. ತಂಗಿಗೆ ಮದುವೆಯಾಗಿ ಸ್ವಂತ ಮಗು ಇರಬೇಕು, ವಯಸ್ಸು 25ರಿಂದ 35 ಇರಬೇಕು. ಜೀವನದಲ್ಲಿ ಒಂದೇ ಸಲ. ಅವಳದೇ ಅಂಡಾಣು ಬಳಸುವಂತಿಲ್ಲ. ಅವಳ ಹೆಸರಲ್ಲಿ 36 ತಿಂಗಳ ವಿಮೆ, ಮ್ಯಾಜಿಸ್ಟ್ರೇಟ್ ಆದೇಶ, ಅರ್ಹತಾ ಪತ್ರ ಎಲ್ಲ ಬೇಕು. ಕಾಗದಪತ್ರಕ್ಕೇ ತಿಂಗಳುಗಳು ಹಿಡಿಯುತ್ತವೆ. ತಂಗಿ ಒಪ್ಪಿದ್ದು ಮನಸ್ಸಿನಿಂದಲೋ ಮನೆಯವರ ಒತ್ತಾಯಕ್ಕೋ, ಅದನ್ನು ಅವಳೊಬ್ಬಳನ್ನೇ ಕೂರಿಸಿ ಕೇಳಿ.

ಹೇಗೂ ಲ್ಯಾಬಿನಲ್ಲೇ ಮಾಡೋದು. ಗಂಡು ಭ್ರೂಣವನ್ನೇ ಹಾಕಿಸಬಹುದಾ?

ಇಲ್ಲ. ಅದು ಅಪರಾಧ. ಮಾಡಿಸುವವರಿಗೂ ಮಾಡುವವರಿಗೂ ಶಿಕ್ಷೆ ಇದೆ.

ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಿ, ಒಂದು ವರ್ಷ ನೋಡೋಣ ಅಂತಾರೆ ಅತ್ತೆ.

ಆಶ್ಲೇಷ ಬಲಿ ಮಾಡಿಸಿ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆ ಹೊತ್ತುಕೊಳ್ಳಿ. ಅದರಿಂದ ಬರುವ ಧೈರ್ಯ ಸಣ್ಣದಲ್ಲ. ಆದರೆ "ಒಂದು ವರ್ಷ ನೋಡೋಣ" ಅನ್ನುವುದಕ್ಕೆ ಒಪ್ಪಬೇಡಿ. ಪೂಜೆಯೂ ಪರೀಕ್ಷೆಯೂ ಒಂದೇ ತಿಂಗಳಲ್ಲಿ ನಡೆಯಬಹುದು. ಅತ್ತೆಯವರನ್ನೂ ಒಂದು ಸಲ ಡಾಕ್ಟರ್ ಹತ್ತಿರ ಕರೆದೊಯ್ಯಿರಿ, ಡಾಕ್ಟರ್ ಬಾಯಿಂದಲೇ ಕೇಳಿದರೆ ಎಷ್ಟೋ ಮನೆಗಳಲ್ಲಿ ಮಾತು ಬದಲಾಗುತ್ತದೆ. ಇಂಜೆಕ್ಷನ್ ದಿನಗಳಲ್ಲಿ ನಿಟ್ಟುಪವಾಸ ಬೇಡ. ಏನು ಬೆರೆಸಿದ್ದಾರೆ ಎಂದೇ ಗೊತ್ತಿಲ್ಲದ ನಾಟಿ ಪುಡಿಯೂ ಬೇಡ.

ಸೀಮಂತಕ್ಕೆ ಕರೆದು ಆರತಿಗೆ ಮಾತ್ರ ಬೇಡ ಅಂದ್ರು. ಮನೆಗೆ ಬಂದು ಅತ್ತುಬಿಟ್ಟೆ. ಇದನ್ನೆಲ್ಲ ಹೇಗೆ ತಡ್ಕೊಳ್ಳೋದು?

ಅತ್ತದ್ದು ಸರಿ. ಹಾಗೆ ಮಾಡಿದವರದು ತಪ್ಪು. ಇಂಥ ಕಡೆ ಹೋಗದಿದ್ದರೂ ನಡೆಯುತ್ತದೆ, ಅದಕ್ಕೆ ಯಾರಿಗೂ ಕಾರಣ ಕೊಡಬೇಕಿಲ್ಲ. ನೆಂಟರ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸವನ್ನು ಗಂಡ ವಹಿಸಿಕೊಳ್ಳಲಿ, ಅದರಲ್ಲೂ ತನ್ನ ಕಡೆಯ ನೆಂಟರಿಗೆ. "ಇಬ್ಬರೂ ತೋರಿಸಿಕೊಳ್ತಾ ಇದ್ದೀವಿ, ವಿಷಯ ಇದ್ರೆ ನಾವೇ ಹೇಳ್ತೀವಿ" ಎಂದು ಅವನು ಒಂದು ಸಲ ಗಟ್ಟಿಯಾಗಿ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಆದರೆ, ಬದುಕೇ ಬೇಡ ಅನ್ನಿಸಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೂರು ಸಲ ಫೇಲ್ ಆಗಿದೆ. ಎಲ್ಲಿಗೆ ನಿಲ್ಲಿಸೋದು? ದತ್ತು ತೆಗೆದುಕೊಳ್ಳೋಕೆ ಏನು ಮಾಡಬೇಕು?

ಮುಂದಿನ ಸಲಕ್ಕೆ ಏನು ಬದಲಾಯಿಸುತ್ತೀರಿ ಎಂದು ಡಾಕ್ಟರನ್ನು ಕೇಳಿ. ಸ್ಪಷ್ಟ ಉತ್ತರ ಇಲ್ಲದಿದ್ದರೆ ಫೈಲ್ ಹಿಡಿದು ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಸಾಕು ಅನ್ನಿಸಿದ ದಿನ ನಿಲ್ಲಿಸುವುದೂ ಒಂದು ನಿರ್ಧಾರವೇ. ಇಬ್ಬರೇ ಸುಖವಾಗಿ ಬಾಳಿದ ಜೋಡಿಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ದತ್ತು ಬೇಕೆಂದರೆ ದಾರಿ ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯ ಆನ್‌ಲೈನ್ ನೋಂದಣಿ. ಮದುವೆಯಾಗಿ ಎರಡು ವರ್ಷ ಆಗಿರಬೇಕು. ಎರಡು ವರ್ಷದೊಳಗಿನ ಮಗುವಿಗೆ ಇಬ್ಬರ ವಯಸ್ಸು ಸೇರಿ 85 ದಾಟಿರಬಾರದು. ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ, ಆಮೇಲೆ ಸರದಿ. ಎಳೆಯ ಮಗುವಿಗೆ ಕಾಯುವುದು ವರ್ಷಗಳ ಲೆಕ್ಕ. ಹಾಗಾಗಿ 40ರ ಹತ್ತಿರ ಇರುವವರು ಚಿಕಿತ್ಸೆಯ ಕೊನೆಯ ಸುತ್ತಿನ ಹೊತ್ತಿಗೇ ಇದರ ಮಾತು ಶುರು ಮಾಡಿ. ಆಸ್ಪತ್ರೆಯಿಂದಲೋ ಪರಿಚಯದವರಿಂದಲೋ ನೇರವಾಗಿ ಮಗು ಕೊಡಿಸುತ್ತೇವೆ ಎಂದು ಹಣ ಕೇಳುವವರ ಬಲೆಗೆ ಬೀಳಬೇಡಿ. ಅದು ಮಕ್ಕಳ ಮಾರಾಟ. ಹಾಗೆ ತಂದ ಮಗುವನ್ನು ಪೊಲೀಸರು ವಾಪಸ್ ಕರೆದೊಯ್ಯುತ್ತಾರೆ.